ಮುಚ್ಚಿಟ್ಟ ಮಾತ್ರೆಗಳು

ಸೂಜಿ ತೆಗೆದು ಹತ್ತಿ ಒತ್ತುವಷ್ಟರಲ್ಲಿ ಶಿರೀಷಾ ಕುರ್ಚಿಯಿಂದ ಜಾರಿದಳು. ನೆಲಕ್ಕೆ ಬೀಳುವ ಮುನ್ನ ಎರಡು ಕೈಗಳು ಅವಳನ್ನು ಹಿಡಿದುಕೊಂಡವು.

ಕಣ್ಣು ಬಿಟ್ಟಾಗ ಶಿಡ್ಲಘಟ್ಟದ ಆ ಪುಟ್ಟ ಲ್ಯಾಬಿನ ಟೆಕ್ನಿಷಿಯನ್ ಮಧುಕುಮಾರ್ ಸಕ್ಕರೆ ಹಾಕಿದ ಮೂಸಂಬಿ ರಸ ಹಿಡಿದು ನಿಂತಿದ್ದ. ಅವಳು ಲೋಟವನ್ನು ದೂರ ತಳ್ಳಿದಳು.

"ತೆಳ್ಳಗಿರ್ಬೇಕು ಅಂತ ಉಪವಾಸ ಮಾಡಿ ಪ್ರಾಣ ಕಳ್ಕೋತೀರಾ ಮೇಡಂ?"

ಬ್ಯಾಗ್ ಎತ್ತಿಕೊಂಡು ಹೊರಬಂದವಳು ತನ್ನೂರು ಸಾದಲಿಯ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. 'ಇವನಿಗೇನು ಗೊತ್ತು...'

ಏಳು ವರ್ಷಗಳ ಹಿಂದೆ, ಇಪ್ಪತ್ತೈದಕ್ಕೇ, ಅವಳ ತೂಕ ನೂರಿಪ್ಪತ್ತೊಂದು ಕಿಲೋ. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಇಂಜೆಕ್ಷನ್. ಅದೇ ಕಾಯಿಲೆಯಿಂದ ಕಿಡ್ನಿ ಕೆಟ್ಟು ಅಪ್ಪ ಕೋನಪ್ಪ ನಲವತ್ತೊಂಬತ್ತಕ್ಕೇ ತೀರಿಕೊಂಡಿದ್ದರು. ಮಗಳನ್ನೂ ಕಳೆದುಕೊಳ್ಳುವ ಭಯಕ್ಕೆ ಅಮ್ಮ ಆಂಜಿನಮ್ಮ ಅವಳಿಗೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದರು. ಹೊಟ್ಟೆಯನ್ನು ಮುಷ್ಟಿಗಿಂತ ಚಿಕ್ಕದು ಮಾಡಿ, ಕರುಳಿನ ದಾರಿಯನ್ನೇ ತಿರುಗಿಸಿದ್ದರು ಡಾಕ್ಟರು.

ಎರಡು ವರ್ಷದಲ್ಲಿ ಐವತ್ತು ಕಿಲೋ ಇಳಿಯಿತು. ಇಂಜೆಕ್ಷನ್ ನಿಂತಿತು. ತಾನು ಪಾಠ ಮಾಡುವ ಹೈಸ್ಕೂಲಿನ ಮಹಡಿಯನ್ನು ಏದುಸಿರಿಲ್ಲದೆ ಹತ್ತಿದ ದಿನ ಅವಳು ಒಬ್ಬಳೇ ನಿಂತು ನಕ್ಕಿದ್ದಳು.

ಆದರೆ ಸಿಹಿ ಕುಡಿದರೆ ಎದೆ ಬಡಿದುಕೊಂಡು ಮೈ ಬೆವರುತ್ತಿತ್ತು. ತಿಂದದ್ದರ ಸತ್ವ ಪೂರ್ತಿ ಮೈಗೆ ಹತ್ತುತ್ತಿರಲಿಲ್ಲ. ಅದಕ್ಕೇ ಜೀವನಪೂರ್ತಿ ಮಾತ್ರೆ ಬೇಕೆಂದಿದ್ದರು. ಗಂಡು ನೋಡಲು ಶುರುವಾದ ಮೇಲೆ ಅಮ್ಮನೇ ಆ ಡಬ್ಬಿಗಳನ್ನು ಅಟ್ಟಕ್ಕೆ ಸೇರಿಸಿದರು. ಬಂದವರು ನೋಡಿದರೆ ಏನಂದುಕೊಂಡಾರು? ಎರಡು ವರ್ಷ ಅವಳೂ ಅವನ್ನು ಮುಟ್ಟಲಿಲ್ಲ. ಕೂದಲು ಉದುರಿತು, ಪಾದ ಜೋಮು ಹಿಡಿಯಿತು.

ಲ್ಯಾಬಿನಲ್ಲಿ ಬಿದ್ದ ಮರುದಿನ ಬಂದ ರಿಪೋರ್ಟ್ ಕಂಡು ಡಾಕ್ಟರು ಗದರಿದರು. ಹಿಮೋಗ್ಲೋಬಿನ್ ಆರೂವರೆ! ಕಬ್ಬಿಣದ ಡ್ರಿಪ್, ವಿಟಮಿನ್ ಇಂಜೆಕ್ಷನ್, ಮತ್ತೆ ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ.

ಪ್ರತಿ ಸಲವೂ ಮಧುಕುಮಾರನೇ. ಮೊದಲ ತಿಂಗಳು ಅವನು ತಲೆ ಎತ್ತಲಿಲ್ಲ. ಎರಡನೆಯ ತಿಂಗಳು ಆ ದಿನದ ಮಾತಿಗೆ ಕ್ಷಮೆ ಕೇಳಿದ. ಆಮೇಲೆ ಪೆರೇಸಂದ್ರದಲ್ಲಿರುವ ಅವನ ಮನೆಯವರ ದ್ರಾಕ್ಷಿ ತೋಟ, ಅವನ ಅಮ್ಮ ಲಕ್ಷ್ಮೀನರಸಮ್ಮನ ಮಂಡಿನೋವು... ಹೀಗೇ ಮಾತು ಬೆಳೆಯಿತು. ಸೂಜಿ ಚುಚ್ಚಿಸಿಕೊಳ್ಳುವ ದಿನಕ್ಕಾಗಿ ತಾನು ಕಾಯುತ್ತಿದ್ದೇನೆಂದು ತಿಳಿದು ಶಿರೀಷಾ ನಾಚಿದಳು.

ಆರನೆಯ ತಿಂಗಳು ಅವನು ಮದುವೆಯ ಮಾತೆತ್ತಿದ. ಅವಳು ಬೇಡವೆಂದಳು. ಆಪರೇಷನ್ನಿನ ವಿಷಯ ಹೇಳುವ ಧೈರ್ಯ ಬರಲಿಲ್ಲ. 'ನನ್ನ ಮಾತನ್ನ ಇವಳು ಇನ್ನೂ ಕ್ಷಮಿಸಿಲ್ಲ' ಅಂದುಕೊಂಡ ಅವನು ಚಿಂತಾಮಣಿಯ ಲ್ಯಾಬೊಂದಕ್ಕೆ ಕೆಲಸ ಬದಲಿಸಿದ.

ಮುಂದಿನ ಸಲ ಬೇರೆ ಯಾರೋ ಅವಳ ತೋಳು ಹಿಡಿದು ನರ ಹುಡುಕಿದರು. ಅವಳಿಗೆ ತಡೆಯಲಾಗಲಿಲ್ಲ. ಅವನು ಸೇರಿದ ಲ್ಯಾಬಿನ ವಿಳಾಸ ಕೇಳಿಕೊಂಡಳು. ಆ ಭಾನುವಾರ ಬೆಳಗ್ಗೆಯೇ ಚಿಂತಾಮಣಿಯ ಬಸ್ಸು ಹತ್ತಿದಳು.

ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅವನಿಗೆ ಎಲ್ಲವನ್ನೂ ಹೇಳಿದಳು. ಆಪರೇಷನ್, ಮಾತ್ರೆ, ಅಟ್ಟ. ತೂಕ ವಾಪಸ್ ಬರಬಹುದು, ಸಕ್ಕರೆಯೂ ಬರಬಹುದು. ಬಸುರಾದರೆ ಡಾಕ್ಟರ ಕಣ್ಗಾವಲಿನಲ್ಲೇ ಇರಬೇಕು ಎಂದೂ ಹೇಳಿದಳು.

ಅವನು ಒಳಗಿಂದ ಒಂದು ಲೋಟ ನೀರು ತಂದು ಅವಳ ಕೈಗಿಟ್ಟ.

"ಮಾಡಿಸ್ಕೊಂಡಿದ್ದಕ್ಕೆ ಬೇಜಾರಿದೆಯಾ?" ಕೇಳಿದ.

"ಇಲ್ಲ. ಇಲ್ದಿದ್ರೆ ಅಪ್ಪನ ಹಾಗೇ ಹೋಗ್ತಿದ್ದೆ. ಮುಚ್ಚಿಟ್ಟಿದ್ದಕ್ಕೆ ಬೇಜಾರಿದೆ..."

"ನೀವು ಬೇಡ ಅಂದಿದ್ದು ನನ್ನನ್ನ ಅಂದ್ಕೊಂಡೆ."

"ನಿಮ್ಮನ್ನಲ್ಲ. ನಿಮ್ಮನ್ನ ಹೇಗೆ ಬೇಡ ಅನ್ಲಿ?"

ಅವನು ಒಂದು ಮೆಟ್ಟಿಲು ಇಳಿದು ಅವಳ ಪಕ್ಕ ಕೂತ.

"ನಮ್ಮಮ್ಮನಿಗೆ ನಾನು ಹೇಳ್ಲಾ?"

"ಬೇಡ, ನಾನೇ ಹೇಳ್ತೀನಿ. ಅವರು ಒಪ್ಪದೇ ಇದ್ರೆ?"

"ಒಪ್ಪೋವರ್ಗೂ ಹೋಗಿ ಹೇಳಣ."

"ಜೊತೇಲಿ ಬರ್ತೀರಾ?"

"ಬರ್ತೀನಿ."