ಸೂಪಿನಲ್ಲಿ ಸಿಕ್ಕ ಗುಂಡಿ

ಮಗಳ ಎರಡನೆಯ ಜಡೆ ಅರ್ಧಕ್ಕೆ ಬಂದಿದ್ದಾಗ ಫೋನು ಸದ್ದು ಮಾಡಿತು. ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವಳು ಬಗ್ಗಿ ನೋಡಿದಳು. ಆ ದೊಡ್ಡ ಹೋಟೆಲಿನ ಸಂದೇಶ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಮತ್ತೊಮ್ಮೆ ಬನ್ನಿ.’ ಎರಡು ತಿಂಗಳಲ್ಲಿ ಅವಳು ಬರೆದ ಮೂರು ದೂರುಗಳಿಗೂ ಇದೇ ಉತ್ತರ, ಒಂದಕ್ಷರ ಆಚೀಚೆ ಇಲ್ಲ.

“ಅಮ್ಮಾ, ನೋಯ್ತಿದೆ! ಅದು ಕೂದಲು, ಹಗ್ಗ ಅಲ್ಲ!”

“ಅಯ್ಯೋ, ಆಯ್ತು ಕಣೇ.” ಅವಳು ಕೈ ಸಡಿಲಿಸಿದಳು. ಸಡಿಲವಾದದ್ದು ಜಡೆ ಮಾತ್ರ.

ಅತ್ತೆಗೆ ಅರವತ್ತು ತುಂಬಿದ ದಿನ ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಆ ಹೋಟೆಲಿಗೆ ಹೋಗಿದ್ದರು. ಅತ್ತೆ ಮೈಮೇಲೆ ಸೊಸೆ ಹೊಲಿದ ಹೊಸ ಬಟ್ಟೆ. ಕಿಟಕಿ ಪಕ್ಕ ಹೇಳಿಟ್ಟ ಮೇಜು ಆಮೇಲೆ ಬಂದವರ ಪಾಲಾಯಿತು. ಇವರಿಗೆ ಸಿಕ್ಕಿದ್ದು ಅಡುಗೆಮನೆ ಬಾಗಿಲ ಬಳಿಯ ಜಾಗ. ಬಾಗಿಲು ತೆರೆದಾಗಲೆಲ್ಲ ಅತ್ತೆಯ ಕುರ್ಚಿಗೆ ಬಡಿಯುತ್ತಿತ್ತು. ಅತ್ತೆ ಶಾಲೆಯ ಮಕ್ಕಳಂತೆ ಕೈ ಎತ್ತಿ “ತಮ್ಮಾ” ಎಂದು ಎರಡು ಸಲ ಕರೆದರು. ಸಪ್ಲೈಯರ್ ಗೋಡೆಯನ್ನು ದಾಟಿದಂತೆ ದಾಟಿಹೋದ. ಒಂದು ಗಂಟೆಯ ಮೇಲೆ ಬಂದ ಊಟ ತಣ್ಣಗಾಗಿತ್ತು.

“ಸ್ವಲ್ಪ ಬಿಸಿ ಮಾಡಿ ಕೊಡ್ತೀಯಾಪ್ಪಾ?”

“ಇದನ್ನ ತಿನ್ನೋದೇ ಹೀಗೆ ಅಜ್ಜಿ,” ಎಂದ. ಪಕ್ಕದ ಮೇಜಿನವರು ನಕ್ಕರು.

ಅತ್ತೆ ಒಂದು ತುತ್ತೂ ಬಿಡದೆ ತಿಂದರು. ಮನೆಗೆ ಬರುವಾಗ, “ಅದು ನಮ್ಮಂಥೋರ ಜಾಗ ಅಲ್ಲಮ್ಮ,” ಎಂದಷ್ಟೇ ಹೇಳಿದರು. ಅಂದಿನಿಂದ ಯಾರು ಎಲ್ಲಿಗೆ ಕರೆದರೂ “ನೀವು ಹೋಗ್ಬನ್ನಿ” ಎಂಬ ಒಂದೇ ಮಾತು. ಹೊಸ ಬಟ್ಟೆ ಬೀರುವಿನ ತಳ ಸೇರಿತು. ಸೊಸೆಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿ. ಆ ಹುಡುಗನ ಕೆಲಸ ಹೋಗಬೇಕು. ಅದೂ ನಾಲ್ಕು ಜನರ ಎದುರಿಗೆ.

ಅವಳು ಟೈಲರು. ಅಂದು ಅವನು ತಟ್ಟೆ ಇಡಲು ಬಗ್ಗಿದಾಗಲೇ ಅವಳ ಕಣ್ಣು ಕೋಟಿನ ಎಡತೋಳಿಗೆ ಬಿದ್ದಿತ್ತು. ಕಂದು ಗುಂಡಿ, ಅಂಚಿಗೆ ಚಿನ್ನದ ಬಣ್ಣದ ಗೆರೆ, ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಹೆಚ್ಚೆಂದರೆ ನಾಲ್ಕು ದಿನದ ಆಯುಸ್ಸು. ಅಂಥದೇ ಒಂದು ಡಜನ್ ಗುಂಡಿ ಅವಳ ಡಬ್ಬಿಯಲ್ಲಿದ್ದವು. ಸೂಪಿನಲ್ಲೊಂದು ಗುಂಡಿ, ತೋಳಿನಲ್ಲೊಂದು ಖಾಲಿ ಜಾಗ. ಬೇರೆ ಸಾಕ್ಷಿ ಯಾಕೆ?

ಅವಳು ಆತುರಪಡಲಿಲ್ಲ. ಗುಂಡಿಯ ತೂತಿಗೆ ದಾರ ಪೋಣಿಸಿ, ತುದಿಯನ್ನು ಮೆಟ್ಟಿಲ ಕಲ್ಲಿಗೆ ಉಜ್ಜಿ ಸವೆಸಿದಳು. ಹಳೆಯದಾಗಿ ಕಾಣಲೆಂದು ಚಹಾದಲ್ಲಿ ಅದ್ದಿದಳು. ಆಮೇಲೆ ಹತ್ತು ನಿಮಿಷ ನೀರಿನಲ್ಲಿ ಕುದಿಸಿದಳು. ಎಷ್ಟಾದರೂ ಬಾಯಿಗೆ ಹೋಗುವ ಸೂಪಿಗೆ ಬೀಳುವಂಥದು. ಬೀಳುವುದು ತನ್ನ ಬಟ್ಟಲಿಗೇ ಹೊರತು ಮಗಳದ್ದಕ್ಕಲ್ಲ ಎಂದೂ ನಿಶ್ಚಯಿಸಿಕೊಂಡಳು. ಆದರೆ ಮಗಳು ಜೊತೆಗಿರಬೇಕು. ಮಗುವನ್ನು ಕೂರಿಸಿಕೊಂಡವಳನ್ನು ಯಾರೂ ಅನುಮಾನಿಸುವುದಿಲ್ಲ. ಅಡುಗೆಮನೆ ಬಾಗಿಲ ಪಕ್ಕದ ಮೇಜೇ ಬೇಕು ಎಂದಾಗ ಹೋಟೆಲಿನವರು ಫೋನಿನಲ್ಲಿ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ಆ ಮೇಜನ್ನು ಕೇಳಿ ಪಡೆದವರು ಬಹುಶಃ ಅವಳೊಬ್ಬಳೇ.

ಶನಿವಾರ ಮಧ್ಯಾಹ್ನ ಹೋಟೆಲು ಕಿಕ್ಕಿರಿದಿತ್ತು. ಮುಖಕ್ಕೆ ಮುಖ ಕೊಟ್ಟರೆ ಗುರುತು ಹತ್ತೀತೆಂದು ಅವಳು ಮೇಜಿನ ಬಟ್ಟೆಯಿಂದ ಕಣ್ಣು ಕೀಳಲಿಲ್ಲ. ದನಿಯಿಂದಲೇ ಅವನೆಂದು ತಿಳಿಯಿತು.

“ಸೂಪು ಬಿಸಿ ಸಾಕಾ ಮೇಡಮ್? ಬೇಕಾದ್ರೆ ಇನ್ನೊಮ್ಮೆ ಕಾಯಿಸಿ ತರ್ತೀನಿ.”

ಅವಳ ಕೈ ಒಂದು ಕ್ಷಣ ತಡೆಯಿತು. ಈ ಒಂದು ಮಾತನ್ನು ಅಂದು ಅತ್ತೆಗೆ ಹೇಳಿದ್ದರೆ! ಆದರೆ ಕತ್ತರಿ ಬಟ್ಟೆಗೆ ಇಳಿದ ಮೇಲೆ ಹಿಂದಕ್ಕೆ ಬರುತ್ತದೆಯೇ?

“ಅಮ್ಮಾ, ಒಂದು ಕೇಳ್ಲಾ?” ಎಂದಳು ಮಗಳು. ಅಜ್ಜಿ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

“ಆಮೇಲೆ ಕೇಳು ಚಿನ್ನಾ.”

ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಕರವಸ್ತ್ರ ತೆಗೆದಳು. ಅದರೊಳಗಿದ್ದ ಗುಂಡಿ ಸದ್ದಿಲ್ಲದೆ ಸೂಪಿಗೆ ಇಳಿಯಿತು. ನಾಲ್ಕು ಚಮಚ ಕುಡಿದಳು. ಐದನೆಯದರಲ್ಲಿ ಅದನ್ನು ಎತ್ತಿ, ತಟ್ಟೆಗೆ ಟಣ್ಣೆಂದು ಬೀಳಿಸಿ, ಚೀರಿದಳು.

ಮ್ಯಾನೇಜರ್ ಓಡಿಬಂದ. ಗುಂಡಿಯನ್ನು ಕರವಸ್ತ್ರದಲ್ಲಿಟ್ಟು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಹುಡುಗನ ಕಡೆಗೊಮ್ಮೆ ನೋಡಿದ. ಹೆದರಿದ್ದಾನೆ ಎಂದುಕೊಂಡಳು.

“ಇದು ಎಲ್ಲಿಂದ ಬಿತ್ತು ಅಂತೀರಾ ಮೇಡಮ್?”

“ಇವರ ತೋಳಿಂದಾನೇ. ನಾನು ಟೈಲರು. ನಂಗೆ ಗೊತ್ತಾಗಲ್ವಾ?”

“ಅಮ್ಮಾ, ಈಗ ಕೇಳ್ಲಾ?”

“ಸುಮ್ನಿರೇ!”

“ನಂದಲ್ಲ ಮೇಡಮ್. ಒಂದ್ಸಲ ಈ ಕಡೆ ನೋಡಿ ಮೇಡಮ್, ದಯವಿಟ್ಟು,” ಎಂದ ಆ ಹುಡುಗ. ಅಂದು “ತಮ್ಮಾ” ಎಂದು ಕರೆದ ಅತ್ತೆಯ ದನಿ ಹೀಗೇ ನಡುಗಿತ್ತು. ಅವಳಿಗೆ ಎದ್ದು ಹೋಗಿಬಿಡಬೇಕೆನಿಸಿತು. ಎದ್ದರೆ ಸುಳ್ಳು ಬಯಲಾಗುತ್ತದೆ, ಕೂತರೆ ಒಬ್ಬನ ಅನ್ನ ಹೋಗುತ್ತದೆ. ತಲೆ ತಗ್ಗಿಸಿ ಬಟ್ಟಲನ್ನೇ ನೋಡುತ್ತ ಕೂತಳು. ಸುತ್ತಲಿನ ಮೇಜಿನವರು ಇತ್ತ ತಿರುಗಿದರು.

ಅಷ್ಟರಲ್ಲಿ ಮಗಳು ಕುರ್ಚಿಯಿಂದ ಇಳಿದಳು. ಹುಡುಗನ ತೋಳನ್ನು, ಅವನ ಎದೆಯನ್ನು, ಆಮೇಲೆ ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಇನ್ನಿಬ್ಬರನ್ನು ಸಾವಕಾಶವಾಗಿ ನೋಡಿದಳು. ಆಮೇಲೆ ಕೇಳಿಯೇ ಬಿಟ್ಟಳು: “ಅಮ್ಮಾ, ಈ ಅಂಕಲ್ ಹೊಸ ಕೋಟಿಗೆ ಜಿಪ್ಪು. ಅಲ್ಲಿರೋ ಅಂಕಲ್‌ಗಳಿಗೂ ಜಿಪ್ಪು. ಇಲ್ಲಿ ಯಾರ್ಗೂ ಗುಂಡಿನೇ ಇಲ್ವಲ್ಲಾ... ಮತ್ತೆ ಇದು ಯಾರ್ದಮ್ಮಾ?”