ಕಿಂಡಿಯಲ್ಲಿದ್ದ ಕಾಲುಚೀಲ

ಕಿಟಕಿಯ ಕೆಳಗಿನ ಗಾಳಿಕಿಂಡಿಯಿಂದ ಅಜ್ಜಿಯ ಉಣ್ಣೆ ಕಾಲುಚೀಲದ ತುದಿ ಇಣುಕುತ್ತಿತ್ತು. ಕಡ್ಡಿ ಸ್ಕೂಲ್ ಬ್ಯಾಗ್ ಇಳಿಸುವುದನ್ನೂ ಮರೆತು ಅದನ್ನೇ ನೋಡುತ್ತ ನಿಂತಳು.

"ಅಜ್ಜಿ, ಕಿಂಡಿಗೆ ಯಾಕೆ ಕಾಲುಚೀಲ ತುರುಕಿದೀಯ?"

"ಪಾಪ, ಅದಕ್ಕೂ ಚಳಿ ಆಗಿತ್ತು. ತೊಡಿಸಿದೆ," ಎಂದಳು ಅಜ್ಜಿ. ಬಾಗಿಲು ತೆಗೆದವಳು ಆಗಲೇ ವಾಪಸ್ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹೆಣಿಗೆ ಶುರುಮಾಡಿದ್ದಳು. ಕಡ್ಡಿ ಒಂದು ದಿನವೂ ಬಾಗಿಲು ತಟ್ಟಿದವಳಲ್ಲ. ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಅಜ್ಜಿ ಬಾಗಿಲು ತೆರೆದಿರುತ್ತಿದ್ದಳು. ಅಜ್ಜಿಯ ಕಿವಿ ಬಹಳ ಚುರುಕು ಎಂದುಕೊಂಡಿದ್ದಳು ಕಡ್ಡಿ.

ಕಡ್ಡಿ ಎನ್ನುವುದು ಶಾಲೆಯ ಹೆಸರಲ್ಲ. ಎಷ್ಟು ಬಡಿಸಿದರೂ ಮೈಗೆ ಹತ್ತದ ಹುಡುಗಿ ಎಂದು ಅಜ್ಜಿ ಇಟ್ಟ ಹೆಸರು. ಮೈ ಬೆಳೆಯದಿದ್ದರೂ ಬಾಯಿ ಮಾತ್ರ ಚೆನ್ನಾಗಿ ಬೆಳೆದಿತ್ತು. ಎರಡು ವಾರದ ಹಿಂದೆ ಒಲೆ ಕೂರಿಸಲು ಬಂದಿದ್ದ ಫಿಟ್ಟರ್ ಆಂಟಿಯ ತಲೆಯನ್ನು ಅವಳು ಎರಡು ದಿನ ಪೂರ್ತಿ ತಿಂದಿದ್ದಳು.

ಒಲೆ ಎಂದರೆ ಅಡುಗೆಯ ಒಲೆಯಲ್ಲ. ನಡುಮನೆಯನ್ನು ಬೆಚ್ಚಗಿಡುವ ಕಪ್ಪು ಕಬ್ಬಿಣದ ಸೌದೆ ಒಲೆ. ಅದಕ್ಕೆ ಮುಂದೆ ಗಾಜಿನ ಬಾಗಿಲು, ಹಿಂದೆ ಚಾವಣಿ ದಾಟಿ ಹೋಗುವ ದಪ್ಪ ಪೈಪು. ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದ ಅದನ್ನು ಮನೆಯವರೆಲ್ಲ ಡುಮ್ಮ ಎನ್ನುತ್ತಿದ್ದರು.

ಫಿಟ್ಟರ್ ಆಂಟಿ ಮೊದಲು ನೆಲಕ್ಕೆ ಕಲ್ಲಿನ ಚಪ್ಪಡಿ ಹಾಸಿದರು. ಟೇಪ್ ಹಿಡಿದು ಗೋಡೆಗೂ ಒಲೆಗೂ ಎಷ್ಟು ದೂರ ಎಂದು ಮೂರು ಸಲ ಅಳೆದರು. ಪರದೆ ತೀರಾ ಹತ್ತಿರವಾಯಿತೆಂದು ಅದನ್ನು ಬಿಚ್ಚಿ ಅಮ್ಮನ ಕೈಗೆ ಕೊಟ್ಟರು. ಕೊನೆಗೆ ಡ್ರಿಲ್ ಹಿಡಿದು ಕಿಟಕಿಯ ಕೆಳಗೆ ಗೋಡೆಯನ್ನೇ ಕೊರೆಯತೊಡಗಿದಾಗ ಕಡ್ಡಿಗೆ ತಡೆಯಲಾಗಲಿಲ್ಲ.

"ಆಂಟಿ, ಬೆಚ್ಚಗಿರಲಿ ಅಂತ ನಾವು ಒಲೆ ಹಾಕಿಸ್ತಿದೀವಿ. ನೀವು ನೋಡಿದ್ರೆ ಗೋಡೆಗೆ ತೂತು ಮಾಡಿ ಚಳಿನ ಒಳಗೆ ಕರೀತಿದೀರಿ."

"ನಿಮ್ಮ ಡುಮ್ಮ ಉಸಿರಾಡೋದು ಬೇಡ್ವಾ?" ಎಂದರು ಆಂಟಿ. "ಬೆಂಕಿಗೆ ಗಾಳಿ ಬೇಕು ಮರಿ. ಹೊರಗಿಂದ ಗಾಳಿ ಬರದಿದ್ರೆ ಸರಿಯಾಗಿ ಉರಿಯಲ್ಲ. ಪೈಪಲ್ಲಿ ಮೇಲೆ ಹೋಗಬೇಕಾದ್ದು ರೂಮಿಗೇ ವಾಪಸ್ ಬರುತ್ತೆ."

"ಹೊಗೆನಾ?"

"ಹೊಗೆ ಆದ್ರೆ ಕಾಣುತ್ತೆ, ಕೆಮ್ಮು ಬರುತ್ತೆ, ನಾವೇ ಎದ್ದು ಓಡ್ತೀವಿ. ಜೊತೆಗೆ ಒಂದು ವಿಷದ ಗಾಳಿನೂ ಇರುತ್ತೆ. ಅದು ಕಾಣಲ್ಲ, ವಾಸನೆನೂ ಇಲ್ಲ. ಮೊದಲು ತಲೆನೋವು, ಹೊಟ್ಟೆ ತೊಳಸೋದು. ಆಮೇಲೆ ನಿದ್ದೆ."

"ಆಮೇಲೆ?"

ಆಂಟಿ ಕೈಯ ಧೂಳು ಒರೆಸಿಕೊಂಡರು. "ಆಮೇಲೆ ಏಳೋದೇ ಇಲ್ಲ."

ಕಡ್ಡಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಣಗಿದ ಸೌದೆಯನ್ನೇ ಹಾಕಬೇಕು ಎಂಬುದನ್ನೂ ಬರೆದಳು. ಗೋಡೆಯ ಮೇಲಿನ ಬಿಳಿ ಡಬ್ಬಿ ಆ ವಿಷದ ಗಾಳಿಯನ್ನು ಕಂಡುಹಿಡಿಯುವ ಅಲಾರಂ. ಹಸಿರು ಲೈಟ್ ಇದ್ದರೆ ಅದು ಎಚ್ಚರವಾಗಿದೆ ಎಂದರ್ಥ. ಬ್ಯಾಟರಿ ಮುಗಿಯುತ್ತ ಬಂದರೆ ಆಗೊಮ್ಮೆ ಈಗೊಮ್ಮೆ 'ಕೀ' ಎನ್ನುತ್ತದೆ. ನಾಲ್ಕು ನಾಲ್ಕು ಸಲ ಕಿರುಚಿದರೆ ಯಾಕೆ ಏನು ಎಂದು ನೋಡುತ್ತ ನಿಲ್ಲದೆ ಬಾಗಿಲು ತೆರೆದು ಹೊರಗೆ ಹೋಗಬೇಕು. ಕೊನೆಯ ಪುಟದಲ್ಲಿ ಆಂಟಿಯ ಫೋನ್ ನಂಬರ್ ಕೂಡ ಇತ್ತು.

ಆ ಎರಡು ದಿನ ಅಜ್ಜಿ ಮಾತ್ರ ಡ್ರಿಲ್ಲಿನ ಸದ್ದಿಗೆ ಬೇಸತ್ತು ಒಳಗಿನ ರೂಮಿನಲ್ಲಿ ಕಿವಿ ಮುಚ್ಚಿಕೊಂಡು ಮಲಗಿದ್ದಳು.

"ಅಜ್ಜಿ, ಡುಮ್ಮನಿಗೆ ಉಸಿರು ಕಟ್ಟುತ್ತಂತೆ," ಎಂದಳು ಕಡ್ಡಿ ಈಗ.

"ಡುಮ್ಮನ ಉಸಿರು ಡುಮ್ಮನಿಗೆ. ನನ್ನ ಮೊಣಕಾಲು ನನಗೆ. ಆ ಕಿಂಡಿ ಗಾಳಿ ನೇರವಾಗಿ ಇಲ್ಲಿಗೇ ಬಂದು ಬಡಿಯುತ್ತೆ, ನೋಡು," ಎಂದು ಅಜ್ಜಿ ಕಾಲು ತೋರಿಸಿದಳು. ಮೊಣಕಾಲು ಊದಿಕೊಂಡಿತ್ತು. "ನಿಮ್ಮಮ್ಮ ಬರೋದ್ರೊಳಗೆ ತೆಗೆದುಬಿಡ್ತೀನಿ. ಅವಳಿಗೆ ಹೇಳ್ಬೇಡ. ಆಫೀಸಿಂದ ಬಂದವಳು ಭಾಷಣ ಶುರುಮಾಡ್ತಾಳೆ."

ಕಡ್ಡಿಗೆ ಆ ಮೊಣಕಾಲು ನೋಡಿ ಪಾಪ ಅನ್ನಿಸಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟಳು.

ಮರುದಿನ ಹೋಂವರ್ಕ್ ಮಾಡುವಾಗ ಅವಳಿಗೆ ತಲೆನೋವು ಬಂತು. ಭಿನ್ನರಾಶಿಯ ಲೆಕ್ಕ ಮಾಡುವಾಗ ತಲೆನೋವು ಬರುವುದು ಹೊಸದೇನಲ್ಲ. ಅಜ್ಜಿಯೂ ಹಣೆ ಒತ್ತಿಕೊಳ್ಳುತ್ತಿದ್ದಳು. ಅವಳಿಗೆ ಯಾವ ಭಿನ್ನರಾಶಿಯೂ ಇರಲಿಲ್ಲ. ಬುಧವಾರ ಶಾಲೆಯಲ್ಲಿ ಅದೇ ಲೆಕ್ಕ ಮಾಡುವಾಗ ಕಡ್ಡಿಯ ತಲೆ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಅರ್ಧ ಗಂಟೆಗೆ ಮತ್ತೆ ನೋವು. ಅವಳು ಕಿಂಡಿಯ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು, ಏನೂ ಹೇಳಲಿಲ್ಲ. ಮಾತು ಕೊಟ್ಟಾಗಿತ್ತಲ್ಲ.

ಗುರುವಾರ ಬಾಗಿಲು ತೆರೆದಿರಲಿಲ್ಲ.

ಕಡ್ಡಿ ತಟ್ಟಿದಳು. ಮತ್ತೆ ತಟ್ಟಿದಳು. ಮೂರನೇ ಸಲ ಎರಡೂ ಕೈಯಲ್ಲಿ ಬಡಿದ ಮೇಲೆ ಒಳಗೆ ಕಾಲೆಳೆಯುವ ಸದ್ದಾಯಿತು. ಬಾಗಿಲು ತೆಗೆದ ಅಜ್ಜಿ ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಯಾಕೋ ತುಂಬಾ ನಿದ್ದೆ ಕಣೇ," ಎಂದು ಹಾಗೇ ಹೋಗಿ ಕುರ್ಚಿಯಲ್ಲಿ ಕುಸಿದಳು.

ಗೋಡೆಯ ಮೇಲಿನ ಡಬ್ಬಿಯಲ್ಲಿ ಹಸಿರು ಲೈಟ್ ಇರಲಿಲ್ಲ.

"ಅಜ್ಜಿ, ಇದರ ಬ್ಯಾಟರಿ ಎಲ್ಲಿ?"

"ಮಧ್ಯಾಹ್ನ ಒಂದೇ ಸಮ ಬಡ್ಕೊಳ್ತಿತ್ತು. ಮುಗಿದಿರ್ಬೇಕು ಅಂತ ತೆಗೆದಿಟ್ಟೆ."

"ಎಷ್ಟೆಷ್ಟು ಸಲ ಬಡ್ಕೊಳ್ತು?"

"ನಾನೇನು ಎಣಿಸ್ತಾ ಕೂತಿದ್ನಾ?" ಎಂದ ಅಜ್ಜಿಯ ಕಣ್ಣು ಮಾತಿನ ನಡುವೆಯೇ ಮುಚ್ಚಿಕೊಳ್ಳುತ್ತಿತ್ತು.

ಕಿಂಡಿ ಎರಡೇ ಹೆಜ್ಜೆ ದೂರದಲ್ಲಿತ್ತು. ಕಾಲುಚೀಲ ಕಿತ್ತು ಬಚ್ಚಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅಜ್ಜಿಗೆ ಕೊಟ್ಟ ಮಾತೂ ಉಳಿಯುತ್ತದೆ. ಆದರೆ ಆಂಟಿ ನಿಲ್ಲಬೇಡ ಎಂದಿದ್ದರು. ಕಡ್ಡಿ ಬ್ಯಾಗನ್ನು ಹೊರಗೆಸೆದು, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಎರಡೂ ಕೈಯಿಂದ ಅಜ್ಜಿಯ ಕೈ ಹಿಡಿದು ಎಳೆದಳು.

"ಏಳು ಅಜ್ಜಿ. ಹೊರಗೆ ಹೋಗೋಣ."

"ಚಳಿ ಕಣೇ..."

"ಏಳು ಅಂದ್ರೆ ಏಳು."

ಹೀಗೆ ಅವಳು ಅಜ್ಜಿಗೆ ಗದರಿದ್ದು ಅದೇ ಮೊದಲು. ಎಳೆದು, ತಳ್ಳಿ, ಆತುಕೊಂಡು ಹೇಗೋ ಅವಳನ್ನು ಹೊರಗಿನ ಮೆಟ್ಟಿಲಿಗೆ ತಂದು ಕೂರಿಸಿದಳು. ಎದುರಿನ ಅಂಗಡಿಯಿಂದ ಟೈಲರ್ ಮಾಮ ಟೇಪು ಕೊರಳಲ್ಲಿದ್ದಂತೆಯೇ ಓಡಿ ಬಂದ. ಕಡ್ಡಿ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಅವನ ಫೋನಿನಿಂದ ಮೊದಲು ಅಮ್ಮನಿಗೆ, ಆಮೇಲೆ ಆಂಟಿಗೆ ಫೋನ್ ಮಾಡಿದಳು.

ಅಮ್ಮ ಬಂದವಳೇ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಅಜ್ಜಿಯ ಮೂಗಿಗೆ ಆಕ್ಸಿಜನ್ ಮಾಸ್ಕ್ ಹಾಕಿದರು. ಕಡ್ಡಿಗೂ ಸ್ವಲ್ಪ ಹೊತ್ತು ಹಾಕಿದರು. ಡಾಕ್ಟರ್ ರಕ್ತ ಪರೀಕ್ಷೆಯ ಚೀಟಿ ನೋಡಿ, "ಈ ಹುಡುಗಿ ಸ್ಕೂಲಿಂದ ಒಂದು ಗಂಟೆ ತಡವಾಗಿ ಬಂದಿದ್ರೆ ಕಷ್ಟ ಇತ್ತು," ಎಂದು ಅಮ್ಮನಿಗೆ ಹೇಳಿದರು. ಅಮ್ಮ ಕಡ್ಡಿಯ ಕೈ ಹಿಡಿದುಕೊಂಡಳು. ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು.

ಅವರು ಮನೆಗೆ ಬಂದಾಗ ಕಿಟಕಿಗಳೆಲ್ಲ ತೆರೆದಿದ್ದವು. ಡುಮ್ಮ ತಣ್ಣಗಾಗಿದ್ದ. ಫಿಟ್ಟರ್ ಆಂಟಿ ಸ್ಕ್ರೂಡ್ರೈವರ್ ತುದಿಗೆ ಕಾಲುಚೀಲ ನೇತುಹಾಕಿಕೊಂಡು ಕಾಯುತ್ತಿದ್ದರು.

"ಪೈಪು ಸರಿಯಾಗಿದೆ, ಒಲೆನೂ ಸರಿಯಾಗಿದೆ," ಎಂದರು. "ಇದು ಕಿಂಡಿಯಲ್ಲಿತ್ತು."

ಅಮ್ಮ ತಿರುಗಿ ಕಡ್ಡಿಯನ್ನು ನೋಡಿದಳು. "ನೀನಾ? ಎರಡು ದಿನ ಇವರ ಬಾಲ ಹಿಡಿದು ಬರ್ಕೊಂಡಿದ್ದು ಇದಕ್ಕೇನಾ?"

ಕಡ್ಡಿ ನೆಲ ನೋಡಿದಳು. ಕಣ್ಣು ತುಂಬಿಕೊಂಡಿತು. ಬಾಯಿ ಬಿಡಲಿಲ್ಲ.

"ಅವಳನ್ನ ಯಾಕೆ ಬೈತೀಯ?" ಅಜ್ಜಿ ಕುರ್ಚಿಯ ತೋಳು ಹಿಡಿದು ನಿಂತಿದ್ದಳು. "ಆ ಕಾಲುಚೀಲ ನೋಡಿದ್ರೆ ಗೊತ್ತಾಗಲ್ವಾ? ಅವಳು ಪೂರ್ತಿ ಅದರೊಳಗೆ ಹಿಡೀತಾಳೆ. ಅದು ನಂದು. ತುರುಕಿದ್ದೂ ನಾನೇ, ಅವಳ ಬಾಯಿಗೆ ಬೀಗ ಹಾಕಿದ್ದೂ ನಾನೇ."

ಅಮ್ಮನ ಭಾಷಣ ಅಂದು ಶುರುವಾಗಲೇ ಇಲ್ಲ.

ಆಂಟಿ ಕಿಂಡಿಯ ಮುಂದೆ ಕೈ ಹಿಡಿದು, ಆಮೇಲೆ ಕುರ್ಚಿಯನ್ನು ನೋಡಿದರು. "ಇಲ್ಲಿ ಕೂತ್ರೆ ಚಳಿ ಬಡಿಯೋದು ನಿಜ. ಕಿಂಡಿ ಇಲ್ಲೇ ಇರಬೇಕು. ಕುರ್ಚಿ ಆ ಗೋಡೆ ಪಕ್ಕಕ್ಕೆ ಹೋಗಬಹುದಲ್ಲ ಅಜ್ಜಿ? ಅಲ್ಲಿ ಗಾಳಿ ಬಡಿಯಲ್ಲ, ಬೆಚ್ಚಗೂ ಇರುತ್ತೆ."

"ಹೆಣಿಗೆಗೆ ಇಲ್ಲೇ ಬೆಳಕು ಚೆನ್ನಾಗಿದೆ," ಎಂದಳು ಅಜ್ಜಿ.

"ದೀಪ ಅಲ್ಲಿಗೆ ಹಾಕಿಸೋಣ ಅತ್ತೆ," ಎಂದಳು ಅಮ್ಮ.

ಅಜ್ಜಿ ಕಿಟಕಿಯ ಕಡೆ ಒಮ್ಮೆ ನೋಡಿದಳು. "ಆಗ್ಲಿ," ಎಂದಳು.

ಆಂಟಿ ಬ್ಯಾಟರಿ ಹಾಕಿದರು, ಹಸಿರು ಲೈಟ್ ಬಂತು. ಡುಮ್ಮನಿಗೆ ಸೌದೆ ಹಾಕಿ ಹೊತ್ತಿಸಿ, ಒಂದು ಊದುಕಡ್ಡಿಯನ್ನು ಅವನ ಬಾಗಿಲ ಹತ್ತಿರ ಹಿಡಿದರು. ಹೊಗೆ ರೂಮಿಗೆ ಬಾರದೆ ಸರಸರನೆ ಒಲೆಯೊಳಗೆ ಹೋಯಿತು. ಎಂದಿನಂತೆ ಕಡ್ಡಿ ಯಾಕೆ ಎಂದು ಕೇಳುತ್ತಾಳೆ ಎಂದು ಆಂಟಿ ಕಾದರು. ಅವಳು ಹಸಿರು ಲೈಟನ್ನೇ ನೋಡುತ್ತಿದ್ದಳು.

ಶುಕ್ರವಾರ ರಜೆ ಹಾಕಿದ್ದ ಕಡ್ಡಿ ಸೋಮವಾರ ಎಂದಿನಂತೆ ತಲೆ ತಗ್ಗಿಸಿ, ಕಲ್ಲೊಂದನ್ನು ಒದೆಯುತ್ತ ಶಾಲೆಯಿಂದ ಬಂದಳು. ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿತ್ತು.

ಕಲ್ಲು ಅಲ್ಲೇ ಉಳಿಯಿತು. ಅವಳು ಎರಡೂ ಕೈಯಲ್ಲಿ ಬಾಗಿಲು ಬಡಿದಳು.

"ಬಂದೆ, ಬಂದೆ. ಮುರೀಬೇಡ," ಎಂದು ಒಳಗಿನಿಂದ ಅಜ್ಜಿಯ ದನಿ ಗಟ್ಟಿಯಾಗಿಯೇ ಬಂತು. ಬಾಗಿಲು ತೆರೆಯಿತು. ಅಜ್ಜಿಯ ಕಣ್ಣುಗಳು ಚುರುಕಾಗಿದ್ದವು, ಕೈಯಲ್ಲಿ ಹೆಣಿಗೆ ಇತ್ತು.

"ಯಾಕೆ ತೆಗೀಲಿಲ್ಲ?" ಎಂದಳು ಕಡ್ಡಿ.

"ನೀನು ಬಂದಿದ್ದು ನಂಗೇನು ಗೊತ್ತು?"

"ಮೊದ್ಲೆಲ್ಲ ಗೊತ್ತಾಗ್ತಿತ್ತಲ್ಲ?"

ಅಜ್ಜಿ ಹೆಣಿಗೆ ಕುರ್ಚಿಯ ಮೇಲಿಟ್ಟಳು. ಹಾಲು ಬಿಸಿ ಮಾಡುತ್ತೇನೆಂದು ಒಳಗೆ ಹೋದಳು.

ಕಡ್ಡಿ ನಡುಮನೆಯಲ್ಲಿ ನಿಂತಳು. ಕುರ್ಚಿ ಆಚೆ ಗೋಡೆಯ ಪಕ್ಕದಲ್ಲಿತ್ತು. ಹಸಿರು ಲೈಟ್ ಉರಿಯುತ್ತಿತ್ತು. ಕಿಟಕಿಯ ಪಕ್ಕ, ಚಾಪೆಯ ಮೇಲೆ, ಕುರ್ಚಿಯ ನಾಲ್ಕು ಕಾಲುಗಳು ಒತ್ತಿದ ಗುರುತು ಮಾತ್ರ ಉಳಿದಿತ್ತು. ಅವಳು ಸ್ಟೂಲ್ ತಂದು ಆ ಗುರುತುಗಳ ನಡುವೆ ಇಟ್ಟು ಕೂತಳು. ಕಿಂಡಿಯ ಗಾಳಿ ಮೊಣಕಾಲಿಗೆ ತಣ್ಣಗೆ ಬಡಿಯಿತು.

ಅಲ್ಲಿಂದ ಟೈಲರ್ ಮಾಮನ ಅಂಗಡಿ ಕಾಣುತ್ತಿತ್ತು. ಅದರಾಚೆ ರಸ್ತೆಯ ತಿರುವು. ಶಾಲೆಯಿಂದ ಬರುವ ಮಕ್ಕಳು ಒಬ್ಬೊಬ್ಬರಾಗಿ ಆ ತಿರುವಿನಲ್ಲಿ ಕಾಣಿಸಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಹೆಣಿಗೆಗೆ ಚೆನ್ನಾಗಿದೆ ಎಂದು ಅಜ್ಜಿ ಹೇಳಿದ್ದ ಬೆಳಕು ಮಾತ್ರ ಈ ಕಿಟಕಿಗೆ ಬೀಳುತ್ತಲೇ ಇರಲಿಲ್ಲ. ಅದು ಇನ್ನೊಂದು ಕಿಟಕಿಯಿಂದ ಬಂದು ಆಚೆ ಗೋಡೆಯ ಮೇಲೆ ಬಿದ್ದಿತ್ತು.

ಅಜ್ಜಿ ಹಾಲು ತರುವವರೆಗೂ ಕಡ್ಡಿ ಅಲ್ಲೇ ಕೂತಿದ್ದಳು. ಮೊಣಕಾಲು ಎರಡೂ ತಣ್ಣಗಾಗಿದ್ದವು.

ಮರುದಿನ ಅವಳು ಕಲ್ಲು ಒದೆಯಲಿಲ್ಲ. ತಿರುವಿಗೆ ಬಂದಾಗ ಬ್ಯಾಗಿನಿಂದ ಖಾಲಿ ಟಿಫಿನ್ ಡಬ್ಬಿ ತೆಗೆದಳು. ಚಮಚದಿಂದ ಅದರ ಮುಚ್ಚಳಕ್ಕೆ ಟಣ್ ಟಣ್ ಟಣ್ ಎಂದು ಬಡಿಯುತ್ತ ರಸ್ತೆಯುದ್ದಕ್ಕೂ ನಡೆದಳು. ಹಿಂದೆ ಬರುತ್ತಿದ್ದ ಮಕ್ಕಳು ನಕ್ಕರು. ಟೈಲರ್ ಮಾಮ ಕನ್ನಡಕದ ಮೇಲಿಂದ ನೋಡಿದ. ಅವಳು ನಿಲ್ಲಿಸಲಿಲ್ಲ.

ಮೆಟ್ಟಿಲ ಹತ್ತಿರ ಬಂದಾಗ ಬಾಗಿಲು ತೆರೆದಿತ್ತು.