ಗೋಡೆಯಾಚೆಯ ನೆರಳು

ಅಕ್ಟೋಬರ್ 24, ಬೆಳಿಗ್ಗೆ 9.20. ಗಾಮ್‌ಗೊಲ್ ಹಳ್ಳಿಯ ಮಾ ಓಕ್‌ಬುನ್ ಎಂಬ ಅರವತ್ತೆಂಟು ವರ್ಷದ ಹೆಂಗಸು ಠಾಣೆಗೆ ಬಂದು, ಬಟ್ಟೆಯಲ್ಲಿ ಸುತ್ತಿ ತಂದಿದ್ದ ಮರದ ತುಂಡೊಂದನ್ನು ಮೇಜಿನ ಮೇಲಿಟ್ಟಳು.

"ಏನಮ್ಮಾ ಇದು?" ಎಂದ ಕಾನ್‌ಸ್ಟೇಬಲ್ ಬಾಂಗ್.

"ನಮ್ಮನೆಯೋರನ್ನ ಕೊಂದ ಮರ."

ಬಾಂಗ್‌ಗೆ ನೆನಪಾಯಿತು. ಹತ್ತು ದಿನದ ಹಿಂದೆ ಅವಳ ಗಂಡ ಸೊಕ್ ಚಾಂಗ್‌ದು ಹಿತ್ತಲಿನ ಪರ್ಸಿಮನ್ ಮರ ಹತ್ತಿ ಹಣ್ಣು ಕೀಳುವಾಗ ಕೊಂಬೆ ಮುರಿದು ಬಿದ್ದು ಸತ್ತಿದ್ದ. ಆ ಸೀಮೆಯಲ್ಲಿ ಪ್ರತಿ ಸುಗ್ಗಿಗೂ ಅಂಥ ಒಂದೆರಡು ಸಾವು ಇದ್ದದ್ದೇ. ಆಕಸ್ಮಿಕ ಎಂದು ಬರೆದು ಕಡತ ಮುಚ್ಚಿದ್ದರು.

"ಮರಾನ ಅರೆಸ್ಟ್ ಮಾಡಿ ಅಂತೀರಾ?"

"ಬಾಯಿ ಮುಚ್ಕೊಂಡು ಕುರ್ಚಿ ಹಾಕು ಅವರಿಗೆ," ಎಂದು ಒಳಗಿನಿಂದ ಬಂದ ಇನ್ಸ್‌ಪೆಕ್ಟರ್ ತಾಕ್ ಇನ್‌ಹಾ ಗದರಿದಳು. ನಲವತ್ತೇಳರ ತಾಕ್, ಇಪ್ಪತ್ತು ವರ್ಷ ಅದೇ ಜಿಲ್ಲೆಯ ಠಾಣೆಗಳಲ್ಲೇ ದುಡಿದವಳು. ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳು ತೂರುವಷ್ಟು ಅಗಲದ ತೂತು. ಬಾಯಿಗೆ ಮೇಣ ಮೆತ್ತಿ, ಮೇಲೆ ಮಣ್ಣು ಸವರಿದ್ದರು. ತೂತಿನ ಸುತ್ತ ಮರ ಇದ್ದಿಲಿನ ಹಾಗೆ ಕಪ್ಪಾಗಿತ್ತು.

"ಸತ್ತೋರ ಮರ ಅಂಗಳದಲ್ಲಿ ಬೇಡ ಅಂತ ನಿನ್ನೆ ಕಡಿಸಿದೆ," ಎಂದಳು ಓಕ್‌ಬುನ್. "ಬುಡದಲ್ಲಿ ಇಂಥವು ಇನ್ನೂ ನಾಲ್ಕಿದಾವೆ. ಬೇಸಿಗೆಯಿಂದ ಆ ಕಡೆ ಕೊಂಬೆಗಳು ಒಣಗ್ತಾ ಬಂದ್ವು. ಚಳಿ ಹೊಡೆದಿದೆ ಅಂತ ಇವರು ಅಂದ್ಕೊಂಡಿದ್ರು. ಯಾರೋ ವಿಷ ಹಾಕಿದಾರೆ ಮೇಡಂ."

ಅವಳ ಹೇಳಿಕೆಯ ಮೇಲೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗ ಖಾಲಿ ಉಳಿಯಿತು.

ಮಧ್ಯಾಹ್ನ ಊರಿನ ಇಬ್ಬರು ಹಿರಿಯರ ಎದುರು ಸ್ಥಳ ಪಂಚನಾಮೆ ನಡೆಯಿತು. ಎರಡು ಮನೆಗಳ ಹಿತ್ತಲುಗಳ ನಡುವೆ ಸೊಂಟದೆತ್ತರದ ಕಲ್ಲುಗೋಡೆ. ಗೋಡೆಯ ಈಚೆಗೆ ಕಡಿದ ಮರದ ಬುಡ. ನಾಲ್ಕು ತೂತುಗಳೂ ಗೋಡೆಯ ಕಡೆಗೇ ಇದ್ದವು, ಓಕ್‌ಬುನ್‌ಳ ಅಂಗಳದಲ್ಲಿ ನಿಂತವರಿಗೆ ಕಾಣುವಂತಿರಲಿಲ್ಲ. ಆಚೆಯಿಂದ ಬಗ್ಗಿ ಕೈ ಚಾಚಿದರೆ ಸರಿಯಾಗಿ ಎಟುಕುತ್ತಿದ್ದವು.

ಆಚೆ ಕಡೆ ಪ್ಯೊ ಮಲ್‌ಸುನ್‌ಳ ಮನೆ. ಅರವತ್ತನಾಲ್ಕು ವರ್ಷ, ಒಂಟಿ ಹೆಂಗಸು. ಅವಳ ಹಿತ್ತಲಿನಲ್ಲಿ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಬೆಳೆದ ಎಲೆಕೋಸು, ಮೂಲಂಗಿ. ಗೋಡೆಯ ಮೂಲೆಯಲ್ಲಿ ಒಣಗಿದ ಜೋಳದ ದಂಟುಗಳನ್ನು ಒತ್ತಾಗಿ ನಿಲ್ಲಿಸಿದ್ದಳು.

"ಒಂದು ಕೋಸಿಗೋಸ್ಕರ ಯಾರಾದ್ರೂ ಮರಕ್ಕೆ ವಿಷ ಹಾಕ್ತಾರಾ?" ಎಂದು ಬಾಂಗ್ ಗೊಣಗಿದ.

ತಾಕ್ ಗೋಡೆಯಾಚೆ ಬಗ್ಗಿ ನೋಡಿದಳು. ಮರವಿಲ್ಲದ ಜಾಗದಿಂದ ಮಧ್ಯಾಹ್ನದ ಬಿಸಿಲು ಆಚೆಯ ಮಣ್ಣಿನ ಮೇಲೆ ಬಿದ್ದಿತ್ತು. ಆ ಮಣ್ಣು ಎಷ್ಟೋ ವರ್ಷ ನೆರಳುಂಡ ಮಣ್ಣು, ಅಂಚಿನಲ್ಲಿ ಇನ್ನೂ ಪಾಚಿ ಇತ್ತು.

ನಾಲ್ಕು ದಿನದ ನಂತರ ಪ್ರಯೋಗಾಲಯದ ವರದಿ ಬಂತು: ಕಳೆನಾಶಕ. ಊರಿನ ಅಂಗಡಿಯಲ್ಲಿ ಎಲ್ಲರೂ ಕೊಳ್ಳುವ ಸರಕು, ಅದರಿಂದ ಯಾರ ಮೇಲೂ ಬೆರಳು ಮಾಡುವಂತಿರಲಿಲ್ಲ. ತಾಕ್ ಮತ್ತೆ ಓಕ್‌ಬುನ್‌ಳ ಮನೆಗೆ ಹೋದಳು. ಓಕ್‌ಬುನ್ ಬಾರ್ಲಿ ಕಷಾಯ ತಂದಿಟ್ಟಳು.

"ಪಕ್ಕದ ಮನೆಯೋರ ಜೊತೆ ಜಗಳ ಇತ್ತಾ?"

"ಮಲ್‌ಸುನ್ ಜೊತೆಗಾ? ಮೂವತ್ತು ವರ್ಷದ ನೆರೆ. ಅಕ್ಕಾ ಅಕ್ಕಾ ಅಂತಿರ್ತಾಳೆ. ಈ ವಸಂತದಲ್ಲಿ ಎರಡು ಸಲ ಬಂದು, ಕೊಂಬೆ ಸ್ವಲ್ಪ ಕಡಿಸಿ ಭಾವಾ, ಹಿತ್ತಲಿಗೆ ಬಿಸಿಲೇ ಇಲ್ಲ ಅಂದಳು. ಇವರದ್ದು ಮೊಂಡು ಬಾಯಿ. 'ನಿನ್ನ ಸೊಪ್ಪು ಬೆಳೆಯೋಕೆ ನನ್ನ ಹಣ್ಣಿನ ಕೊಂಬೆ ಕಡೀಲಾ?' ಅಂದ್ಬಿಟ್ರು. ಅವಳು ನಗ್ತಾನೇ ಹೋದಳು." ಓಕ್‌ಬುನ್ ತಲೆಯಾಡಿಸಿದಳು. "ಅವಳ ಮೇಲೆ ಅನುಮಾನ ಪಡಬೇಡಿ. ಇವರು ಹೋದ ದಿನಾನೇ ಸಂಜೆ ಒಂದು ಥಾನು ಬಟ್ಟೆ ಹೊತ್ತು ತಂದಳು, ಶವದ ಉಡುಪಿಗೆ. ಅಂಗಡೀದಲ್ಲ, ಕೈಯಲ್ಲಿ ನೇಯ್ದ ಅಪ್ಪಟ ಸಾಮ್. ಈಗ ಅಂಥದ್ದು ಎಲ್ಲಿ ಸಿಗುತ್ತೆ?"

ತಾಕ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

"ಹಳೇ ಬಟ್ಟೆನಾ, ಹೊಸದಾ?"

"ಹೊಸದು. ಇನ್ನೂ ಹಸಿರು ವಾಸನೆ ಇತ್ತು."

ಸಾಮ್ ಎಂದು ಆ ಸೀಮೆಯ ಹೆಂಗಸರು ಕರೆಯುವ ನಾರಿನ ಗಿಡಕ್ಕೆ ಕಾನೂನಿನಲ್ಲಿ ಇರುವ ಹೆಸರು ಗಾಂಜಾ. ಬೆಳೆಯಬೇಕೆಂದರೆ ಪರವಾನಗಿ ಬೇಕು, ಹೊಲಕ್ಕೆ ಬೇಲಿ ಬೇಕು, ಅಧಿಕಾರಿಗಳು ಬಂದು ನೋಡಬೇಕು. ಬಾಂಗ್ ತಾಲ್ಲೂಕು ಕಚೇರಿಗೆ ಫೋನ್ ಮಾಡಿ ವಿಚಾರಿಸಿದ. ಗಾಮ್‌ಗೊಲ್‌ನಲ್ಲಿ ಬಹಳ ವರ್ಷಗಳಿಂದ ಯಾರಿಗೂ ಪರವಾನಗಿ ಇರಲಿಲ್ಲ. ಮಲ್‌ಸುನ್ ಮಾರ್ಚ್‌ನಲ್ಲಿ ಅರ್ಜಿ ಹಾಕಿದ್ದಳಂತೆ. ಮನೆಯ ಹಿತ್ತಲಿಗೆ ಕೊಡಲಾಗದು ಎಂದು ತಿರಸ್ಕರಿಸಿದ್ದರು.

ಅಕ್ಟೋಬರ್ 30, ಬೆಳಿಗ್ಗೆ. ಶೋಧನಾ ವಾರಂಟ್ ಹಿಡಿದು ಹೋದಾಗ ಮಲ್‌ಸುನ್ ಅಂಗಳದಲ್ಲಿ ಮೂಲಂಗಿ ತೊಳೆಯುತ್ತಿದ್ದಳು. ವಾರಂಟನ್ನು ಓದಲಿಲ್ಲ. "ಚಪ್ಪಲಿ ಬಿಟ್ಟು ಒಳಗೆ ಹೋಗಿ, ಈಗ ತಾನೆ ಒರೆಸಿದೀನಿ," ಎಂದಳು.

ಒಳಕೋಣೆಯ ಕಿಟಕಿಯ ಬಳಿ ಮಗ್ಗ. ಒಲೆಯ ಪಕ್ಕದಲ್ಲಿ ಸಿಪ್ಪೆ ಸುಲಿದ ಬಿಳಿ ಕಡ್ಡಿಗಳ ಹೊರೆ. ಚಾವಣಿಯ ಸಂದಿಯಲ್ಲಿ ಕೈಯಿಂದ ತಿರುಗಿಸಿ ತೂತು ಕೊರೆಯುವ ಹಳೆಯ ಬೈರಿಗೆ. ಹಿತ್ತಲಿನ ಜೋಳದ ದಂಟುಗಳನ್ನು ಬಾಂಗ್ ಸರಿಸಿದಾಗ ಅವುಗಳ ಹಿಂದೆ ಬೀಜಕ್ಕೆಂದು ಬಿಟ್ಟ ಮೂರು ಗಾಂಜಾ ಗಿಡಗಳಿದ್ದವು. ನೆರಳಿನಲ್ಲಿ ಬೆಳಕು ಹುಡುಕಿ ಸೊಟ್ಟಗಾದ ತೆಳ್ಳನೆಯ ಗಿಡಗಳು, ಗೋಡೆಗೆ ಒರಗಿ ನಿಂತಿದ್ದವು. ಪಂಚರ ಎದುರು ಬುಡಸಮೇತ ಕಿತ್ತು, ಅಳೆದು, ಮೊಹರು ಹಾಕಿದರು. ಬೇಲಿಯಾಚೆ ಸೇರಿದ್ದ ಜನರಲ್ಲಿ ಯಾರೋ, "ಮುದುಕಿ ಗಾಂಜಾ ಮಾರ್ತಿದ್ಳಂತೆ! ನಮಗೊಂದು ಎಲೆ ಕೊಡ್ಲಿಲ್ಲ ನೋಡು," ಎಂದು ನಕ್ಕರು.

ಠಾಣೆಯಲ್ಲಿ ವಿಚಾರಣೆ.

"ಎಲೆ ಯಾರಿಗೆ ಮಾರಿದ್ರಿ?"

"ಸುಟ್ಟೆ. ನಮ್ಮಮ್ಮನೂ ಸುಡ್ತಿದ್ಲು. ನಮಗೆ ಬೇಕಾಗಿದ್ದು ಸಿಪ್ಪೆ."

"ಮರಕ್ಕೆ ತೂತು ಕೊರೆದೋರು?"

"ನಾನೇ. ಮೇ ತಿಂಗಳ ಕೊನೇಲಿ, ಅವರಿಬ್ರೂ ಸಂತೆಗೆ ಹೋಗಿದ್ದಾಗ."

"ಯಾಕೆ?"

"ಗಿಡ ಮೊಣಕಾಲುದ್ದ ನಿಂತ್ಬಿಟ್ಟಿತ್ತು. ಆಳುದ್ದ ಆಗದಿದ್ರೆ ನೂಲಿಗೆ ಬರಲ್ಲ."

"ಬೇರೆ ಎಲ್ಲಾದ್ರೂ ಬೆಳೀಬಹುದಿತ್ತಲ್ಲ?"

"ನನಗಿರೋದು ಅಷ್ಟೇ ನೆಲ. ಸುತ್ತ ಜೋಳ ಹಾಕಿ ಮರೆ ಮಾಡಿದ್ದೆ."

"ಚಾಂಗ್‌ದು ಪ್ರತಿ ವರ್ಷ ಆ ಮರ ಹತ್ತೋದು ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಒಣಗಿದ ಕಡೆ ಹತ್ತಲ್ಲ ಅಂದ್ಕೊಂಡಿದ್ದೆ."

ಬಾಂಗ್ ಬರೆಯುತ್ತಿದ್ದ. ತಾಕ್ ಕೇಳಿದಳು:

"ಆ ದಿನ ನೀವೆಲ್ಲಿದ್ರಿ?"

ಮಲ್‌ಸುನ್ ತನ್ನ ಕೈಗಳನ್ನು ನೋಡಿಕೊಂಡಳು. ನೂಲು ಸೀಳಿ ಸೀಳಿ ಉಗುರುಗಳ ಅಂಚು ಬಿರಿದಿತ್ತು.

"ಮಗ್ಗದ ಹತ್ರ. ಕಿಟಕಿ ತೆಗೆದಿತ್ತು. ಭಾವ ಏಣಿ ಬಿಟ್ಟು ಗೋಡೆ ಕಡೆ ಕೊಂಬೆಗೆ ಕಾಲಿಟ್ಟಿದ್ದು ಕಾಣಿಸ್ತು. ತುದೀಲಿ ಒಂದು ಗೊಂಚಲು ಹಣ್ಣಿತ್ತು."

"ಕೂಗ್ಲಿಲ್ವಾ?"

"ಬಾಯಿವರೆಗೂ ಬಂತು. ಕೂಗಿದ್ರೆ, ಕೊಂಬೆ ಪೊಳ್ಳು ಅಂತ ನಿನಗೆ ಹೇಗೆ ಗೊತ್ತು ಅಂತ ಕೇಳ್ತಿದ್ರು." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಇನ್ನೊಂದು ಮೊಳ ನೇಯ್ದಿದ್ರೆ ಥಾನು ಮುಗೀತಿತ್ತು. ಅಷ್ಟರಲ್ಲಿ ಮುರೀತು."

ಬಾಂಗ್ ಅದನ್ನೂ ಬರೆದುಕೊಂಡ.

ಸಂಜೆ 4.10ಕ್ಕೆ ಮಲ್‌ಸುನ್‌ಳನ್ನು ಬಂಧಿಸಲಾಯಿತು. ಪರವಾನಗಿ ಇಲ್ಲದೆ ಗಾಂಜಾ ಬೆಳೆದದ್ದು, ಪರರ ಆಸ್ತಿ ನಾಶ, ಸಾವಿಗೆ ಕಾರಣವಾದದ್ದು ಎಂದು ಆರೋಪಗಳನ್ನು ಓದಿ ಹೇಳಿದಾಗ ಎಲ್ಲಕ್ಕೂ "ಹೌದು" ಎಂದಳು.

ಸುದ್ದಿ ತಿಳಿದ ಓಕ್‌ಬುನ್ ಮಾರನೆಯ ದಿನವೇ ಠಾಣೆಗೆ ಬಂದಳು. ಈ ಸಲ ಕೂರಲಿಲ್ಲ.

"ಗೋರಿ ಅಗೆಸಿ. ಆ ಬಟ್ಟೆ ಅವರ ಮೈಮೇಲೆ ಇರಬಾರದು."

"ಅಕ್ಕಾ, ಅಗೆಸಬೇಕು ಅಂದ್ರೆ ಪ್ರಾಸಿಕ್ಯೂಟರ್ ಒಪ್ಪಬೇಕು," ಎಂದಳು ತಾಕ್.

"ಕೊಂದೋಳು ನೇಯ್ದಿದ್ದು ಉಟ್ಕೊಂಡು ಮಲಗಿದಾರೆ! ನಾನೇ ನನ್ನ ಕೈಯಾರೆ ಹೊಲಿದೆ. ಎಷ್ಟು ಚೆನ್ನಾಗಿದೆ ಅಂತ ಅವಳ ಕೈ ಹಿಡ್ಕೊಂಡು ಅತ್ತೆ."

ತಪ್ಪೊಪ್ಪಿಗೆಯೂ ಗಿಡಗಳೂ ಸಿಕ್ಕಿರುವಾಗ ಹೆಣ ತೆಗೆಯುವ ಅಗತ್ಯವಿಲ್ಲ ಎಂದು ಪ್ರಾಸಿಕ್ಯೂಟರ್ ಬರೆದರು. ಓಕ್‌ಬುನ್ ಮತ್ತೆ ಠಾಣೆಗೆ ಬರಲಿಲ್ಲ.

ಆ ಬಟ್ಟೆ ಯಾರಿಗಾಗಿ ನೇಯ್ದದ್ದು ಎಂಬುದು ಆರೋಪಪಟ್ಟಿಯಲ್ಲಿ ಒಂದು ಸಾಲಿನಲ್ಲಿದೆ. ಮಲ್‌ಸುನ್‌ಳಿಗೆ ಗ್ಯುಹೋ ಎಂಬ ಒಬ್ಬನೇ ಮಗನಿದ್ದ. ಇಪ್ಪತ್ತೊಂಬತ್ತಕ್ಕೆ ಹಾಲಿನ ವ್ಯಾನು ಓಡಿಸುವಾಗ ಹೆದ್ದಾರಿಯಲ್ಲಿ ಸತ್ತ. ಅಪ್ಪಟ ಸಾಮ್ ಎಂದು ಪಟ್ಟಣದ ಅಂಗಡಿಯವನು ಕೊಟ್ಟ ಉಡುಪಿನಲ್ಲಿ ಅವನನ್ನು ಗುಡ್ಡದಲ್ಲಿ ಮಣ್ಣು ಮಾಡಿದರು. ಕೆಲವು ವರ್ಷದ ನಂತರ ಜಡಿಮಳೆಗೆ ಗೋರಿಯ ಒಂದು ಮಗ್ಗುಲು ಕುಸಿಯಿತು. ಮುಚ್ಚಲು ಹೋದ ಮಲ್‌ಸುನ್ ನೋಡಿದಳು. ಮೈಯೆಲ್ಲ ಮಣ್ಣಾಗಿತ್ತು. ಬಟ್ಟೆ ಮಾತ್ರ ಕೊಳೆತಿರಲಿಲ್ಲ. ನೈಲಾನ್ ಬೆರಕೆಯದು, ಮೀನಿನ ಬಲೆಯ ಹಾಗೆ ಮೂಳೆಗಳಿಗೆ ಸುತ್ತಿಕೊಂಡಿತ್ತು.

ಈ ವರ್ಷ ಆ ಗುಡ್ಡದಲ್ಲಿ ರಸ್ತೆ ಬರುವುದಿತ್ತು. ನವೆಂಬರ್ ಮುಗಿಯುವುದರೊಳಗೆ ಗೋರಿಗಳನ್ನು ಬೇರೆಡೆಗೆ ಸಾಗಿಸಬೇಕೆಂದು ನೋಟಿಸು ಬಂದಿತ್ತು. ಮೂಳೆಗಳನ್ನು ಆಯ್ದು ಹೊಸ ಬಟ್ಟೆಯಲ್ಲಿ ಕಟ್ಟಬೇಕು. ಎರಡನೆಯ ಸಲ ಅಂಗಡಿಯ ಬಟ್ಟೆಯನ್ನು ಅವಳು ನಂಬಲಿಲ್ಲ.

ನವೆಂಬರ್ 27ರಂದು ಗೋರಿ ತೆರೆಯುವಾಗ ಹಾಜರಿರಲು ಮಲ್‌ಸುನ್‌ಳಿಗೆ ಅನುಮತಿ ಸಿಗಲಿಲ್ಲ. ಹಿಂದಿನ ದಿನ ತಾಕ್ ಅವಳನ್ನು ನೋಡಲು ಜೈಲಿಗೆ ಹೋದಳು.

"ಏನಾದ್ರೂ ಹೇಳೋದಿದ್ಯಾ?"

"ಕಟ್ಟುವಾಗ ಗಂಟು ಹಾಕಬೇಡಿ ಅಂತ ಹೇಳಿ. ಗಂಟು ಹಾಕಿದ್ರೆ ಹೋಗೋ ದಾರಿ ತೊಡಕಾಗುತ್ತೆ ಅವನಿಗೆ."

ತಾಕ್ ರಜೆ ಹಾಕಿ ಗುಡ್ಡಕ್ಕೆ ಹೋದಳು. ಕೂಲಿಯವರಿಗೆ ಕತ್ತರಿಯಿಂದ ಆ ಬಲೆಯನ್ನು ಬಿಡಿಸಲು ಬೆಳಗಿನ ಹೊತ್ತೆಲ್ಲ ಹಿಡಿಯಿತು. ನೇಯ್ದ ಥಾನು ಚಾಂಗ್‌ದುವಿನ ಗೋರಿಯಲ್ಲಿತ್ತು. ಮೂಳೆಗಳನ್ನು ಬಿಳಿಯ ಕಾಗದದಲ್ಲಿ ಸುತ್ತಿ, ಗಂಟು ಹಾಕದೆ ಅಂಚನ್ನು ಒಳಕ್ಕೆ ಮಡಿಸಿದರು.

ಇಳಿದು ಬರುವಾಗ ಗಾಮ್‌ಗೊಲ್‌ನ ದಾರಿಯಲ್ಲಿ ಓಕ್‌ಬುನ್ ಬೆನ್ನ ಮೇಲೆ ಸೌದೆಯ ಹೊರೆ ಹೊತ್ತು ಎದುರಾದಳು. ಗುಡ್ಡದ ಕಡೆ ಒಮ್ಮೆ ನೋಡಿದಳು.

"ಮುಗೀತಾ?"

"ಮುಗೀತು ಅಕ್ಕಾ."

"ಹುಡುಗ ಒಳ್ಳೇವನು," ಎಂದಳು ಓಕ್‌ಬುನ್. ಹೊರೆಯನ್ನು ಬೆನ್ನ ಮೇಲೆ ಸರಿಮಾಡಿಕೊಂಡು ಮುಂದೆ ನಡೆದಳು.